ಎಂಟು ಗೀಟಿನ ಲೆಕ್ಕ

ಆಲೆಮನೆಯ ಒಲೆಗೆ ರಚ್ಚು, ಅಂದರೆ ಹಾಲು ಹಿಂಡಿದ ಕಬ್ಬಿನ ಸಿಪ್ಪೆ, ತುಂಬುವುದು ನನ್ನ ಪಾಲಿನ ಕೆಲಸ. 1980ರ ದಶಕ, ಪಾಂಡವಪುರದ ಕಡೆಯ ಹಳ್ಳಿ. ಕರೆಂಟನ್ನು ನಂಬಿ ಕಬ್ಬು ಕಡಿಯುವಂತಿರಲಿಲ್ಲ, ಹಾಗಾಗಿ ನಮ್ಮ ಗಾಣ ತಿರುಗುತ್ತಿದ್ದುದು ಡೀಸೆಲ್ ಎಂಜಿನ್ನಿನಿಂದ. ಲಿಸ್ಟರ್ ನಮೂನೆಯದು. 1929ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಎಂಜಿನ್ನನ್ನು ರಾಜ್‌ಕೋಟ್‌ನವರು ಎರಕ ಹೊಯ್ದು ನಮ್ಮ ಗದ್ದೆಗಳವರೆಗೂ ತಲುಪಿಸಿದ್ದರು. ಒಂದೇ ಸಿಲಿಂಡರು, ಆರು ಎಚ್‌ಪಿ, ನಿಮಿಷಕ್ಕೆ 650 ಸುತ್ತು. ಅದರ ಡುಗುಡುಗು ನಿಂತರೆ ಮಲಗಿದ್ದವರಿಗೆ ಎಚ್ಚರವಾಗುತ್ತಿತ್ತು.

ಆ ವರ್ಷ ಅದು ಹೊಗೆ ಕಾರಿ, ಆಯಿಲ್ ಕುಡಿದು, ಕೊನೆಗೆ ಮುಷ್ಕರ ಹೂಡಿತು. ಮೆಕ್ಯಾನಿಕ್ ಸಾಬರು ಬಂದು ಹೊಸ ಲೈನರು, ಪಿಸ್ಟನ್ನು, ರಿಂಗು ಹಾಕಿದರು. ಹೊರಡುವಾಗ ಅಪ್ಪನಿಗೆ ಹೇಳಿದರು: “ಗೌಡ್ರೆ, ಈಗಿದು ಹೊಸ ಹೋರಿ. ಮೊದಲ ದಿನವೇ ಭಾರ ಹೇರಬೇಡಿ. ಹಾಗಂತ ಸುಮ್ನೆ ಓಡಿಸ್ತಾ ಕೂರಬೇಡಿ, ರಿಂಗು ಕೂರೋದೇ ಇಲ್ಲ. ಜಲ್ಲೆ ಎರಡೆರಡೇ ಕೊಡಿ. ಇಪ್ಪತ್ತು ಗಂಟೆಗೆ ಆಯಿಲ್ ಇಳಿಸಿ.”

ಅಪ್ಪ ನಕ್ಕರು. ಇನ್ನೂರೈವತ್ತು ಗಂಟೆಗೊಮ್ಮೆ ಆಯಿಲ್ ಬದಲಿಸುತ್ತಿದ್ದವರಿಗೆ ಇಪ್ಪತ್ತೆಂದರೆ ಅಂಗಡಿಯವನ ಲೆಕ್ಕದಂತೆ ಕೇಳಿಸಿತು. ಆದರೂ ಗೋಡೆಯಲ್ಲಿ ಗೀಟು ಹಾಕುವ ಕೆಲಸ ನನಗೆ ಬಿತ್ತು. ಒಂದು ಕೊಪ್ಪರಿಗೆ ಇಳಿಯಲು ಹೆಚ್ಚೂಕಡಿಮೆ ಎರಡೂವರೆ ಗಂಟೆ. ಎಂಟು ಇದ್ದಿಲ ಗೀಟು ಬಿದ್ದರೆ ಇಪ್ಪತ್ತು ಗಂಟೆ. ನಮ್ಮ ಮೀಟರು ಅಷ್ಟೇ.

ಎಂಟು ಬಿತ್ತು. “ಈ ಹಾಲು ಮುಗೀಲಿ ಕಣ್ಲಾ,” ಎಂದರು ಅಪ್ಪ. ಕಬ್ಬಿನ ಹಾಲು ಕಾಯುವುದಿಲ್ಲ, ಹುಳಿಯಾಗಿಬಿಡುತ್ತದೆ. ಅವರ ಮಾತಲ್ಲಿ ಸುಳ್ಳೇನಿರಲಿಲ್ಲ. ಒಂಬತ್ತು, ಹತ್ತು. ಹನ್ನೊಂದನೆಯ ಗೀಟು ಎಳೆಯುತ್ತಿದ್ದಾಗ ಕತ್ತಲಲ್ಲಿ ಸೈಕಲ್ಲಿನ ಸದ್ದು. ಸಾಬರು ಗೋಡೆ ನೋಡಿದರು, ಅಪ್ಪನ ಮುಖ ನೋಡಿದರು, ಮಾತಿಲ್ಲದೆ ಹೋಗಿ ಎಂಜಿನ್ ನಿಲ್ಲಿಸಿದರು.

ಅಪ್ಪ ಕೂಗಾಡಿದರು. ಬೆಳಿಗ್ಗೆ ತಣ್ಣಗಾದ ಮೇಲೆ ಮಾಡೋಣ ಎಂದರೂ ಸಾಬರು ಜಗ್ಗಲಿಲ್ಲ. ಬಿಸಿ ಆಯಿಲಿನಲ್ಲಿ ಕೊಳೆ ತೇಲುತ್ತಿರುತ್ತದಂತೆ, ತಣಿದರೆ ತಳ ಹಿಡಿಯುತ್ತದಂತೆ. ಮುಸುರೆ ಪಾತ್ರೆ ಬಿಸಿಯಲ್ಲೇ ತೊಳೆಯಬೇಕು ಎಂದು ಅವ್ವ ಹೇಳುವುದೂ ಅದನ್ನೇ, ನನಗೆ ತಕ್ಷಣ ಅರ್ಥವಾಯಿತು. ಹಳೇ ಅಲ್ಯೂಮಿನಿಯಂ ಬೋಗುಣಿಗೆ ಆಯಿಲ್ ಇಳಿಸಿ ಒಲೆಯ ಬಾಯಿಗೆ ತಂದಿಟ್ಟರು.

ಉರಿಯ ಬೆಳಕಿಗೆ ಕಪ್ಪು ಆಯಿಲಿನೊಳಗೆ ಮಿಣಮಿಣ. ಹಬ್ಬದ ಸೀರೆಯ ಜರಿ ಪುಡಿಯಾಗಿ ಬಿದ್ದ ಹಾಗೆ. ಸಾಬರು ಒಡೆದ ರೇಡಿಯೊ ಸ್ಪೀಕರಿನ ಅಯಸ್ಕಾಂತ ಅದ್ದಿ ಎತ್ತಿದರು. ಅದಕ್ಕೆ ಬೂದು ಬಣ್ಣದ ಮೀಸೆ ಬಂದಿತ್ತು. “ಇದು ಲೈನರು, ರಿಂಗು ಉಜ್ಜಿಕೊಂಡ ಪುಡಿ. ಹೊಸದರಲ್ಲಿ ಬರಲೇಬೇಕು. ಬಂದದ್ದು ಒಳಗೇ ಇರಬಾರದು.” ನಮ್ಮ ಎಂಜಿನ್ನಿಗೆ ಫಿಲ್ಟರೇ ಇಲ್ಲ. ಕನೆಕ್ಟಿಂಗ್ ರಾಡಿನ ತುದಿಗೆ ಒಂದು ಪುಟ್ಟ ಸೌಟಿನಂಥದ್ದಿರುತ್ತದೆ, ಅದು ಸುತ್ತಿಗೊಮ್ಮೆ ಕೆಳಗಿನ ಆಯಿಲ್ ಮೊಗೆದು ಎರಚುತ್ತದೆ. ಮರಳು ಬಿದ್ದ ಸಾರನ್ನೇ ಮತ್ತೆ ಮತ್ತೆ ಬಡಿಸಿದ ಹಾಗೆ, ಪುಡಿಯನ್ನೂ ಮೊಗೆದು ಬೇರಿಂಗಿಗೇ ಎರೆಯುತ್ತದೆ.

ಆಮೇಲೆ ಅವರು ಬೆರಳ ನಡುವೆ ಒಂದು ತೊಟ್ಟು ಹಿಡಿದು ಬಹಳ ಹೊತ್ತು ಉಜ್ಜಿದರು. ಅಯಸ್ಕಾಂತಕ್ಕೆ ಅಂಟದ ಬೆಳ್ಳಗಿನ ಚೂರಿದ್ದರೆ ಅದು ಬೇರಿಂಗಿನ ಬಿಳಿ ಲೋಹ. ಅಪ್ಪನ ಕೂಗಾಟ ಆ ಹೊತ್ತಿಗೆ ನಿಂತುಹೋಗಿತ್ತು. “ಇಲ್ಲ,” ಎಂದರು ಸಾಬರು.

ಎಂಜಿನ್ನಿನ ಪಕ್ಕದ ಬಾಗಿಲು ಬಿಚ್ಚಿ, ಹಳೇ ಬನೀನಿನಿಂದ ತಳ ಒರೆಸಿ, ಹೊಸ ಆಯಿಲ್ ಹುಯ್ದು, ಹ್ಯಾಂಡಲ್ ತಿರುಗಿಸಿದರು. ಅಷ್ಟರಲ್ಲಿ ಗೋಡೆಯ ಹಳೇ ಗೀಟುಗಳನ್ನು ಅಪ್ಪ ತಾವೇ ಅಂಗೈಯಿಂದ ಒರೆಸಿಬಿಟ್ಟಿದ್ದರು. “ಇನ್ನೆಷ್ಟಕ್ಕೆ ಸಾಬ್ರೆ?”

“ಇನ್ನಿಪ್ಪತ್ತು ಗೀಟು ಹೋಗಲಿ.”

ಬೋಗುಣಿಯ ಆಯಿಲನ್ನು ಗಾಡಿಯ ಅಚ್ಚಿಗೆ ಹಾಕಲು ಸಾಬರು ಬಿಡಲಿಲ್ಲ. ಅಪ್ಪ ಚೆಲ್ಲಲೂ ಒಪ್ಪಲಿಲ್ಲ. ಗೆದ್ದಲು ಹತ್ತದಿರಲಿ ಎಂದು ಆಲೆಮನೆಯ ಕಂಬಗಳ ಬುಡಕ್ಕೆ ಬಳಿಸಿದರು. ಆ ಹಂಗಾಮಿನುದ್ದಕ್ಕೂ ನಾನು ರಚ್ಚು ತುಂಬಿ ಉರಿ ಏಳಿಸಿದಾಗಲೆಲ್ಲ ಕಂಬಗಳ ಬುಡ ಮಿಣುಕುತ್ತಿತ್ತು.