ಬಾಗದ ಕೊರಳು

ಏಳು ವರ್ಷಗಳಿಂದ ನನ್ನ ಥೈರಾಯ್ಡ್ ಗ್ರಂಥಿಯ ಕಾರ್ಯ ಕುಂದಿದೆ. ದಿನವೂ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಥೈರಾಕ್ಸಿನ್ ಮಾತ್ರೆ ಸೇವಿಸಬೇಕು. ಅಷ್ಟಮಿ, ಚತುರ್ದಶಿಗಳ ಉಪವಾಸದಂದು ಅದನ್ನೂ ತ್ಯಜಿಸುತ್ತಿದ್ದೆ. ಬರಬರುತ್ತಾ ಆ ತ್ಯಾಗವೇ ಹೆಮ್ಮೆಯಾಯಿತು. ಉಳಿದ ದಿನಗಳಲ್ಲೂ ಮಾತ್ರೆ ತಪ್ಪತೊಡಗಿತು.

ಕಳೆದ ದಶಲಕ್ಷಣ ಪರ್ವದ ಮೊದಲ ದಿನ ಬಸದಿಯಲ್ಲಿ ಪಾರ್ಶ್ವನಾಥ ಸ್ವಾಮಿಗೆ ನಮಸ್ಕರಿಸಲು ಹೋದಾಗ ಕತ್ತಿನ ಸ್ನಾಯುಗಳು ಸೆಟೆದುಕೊಂಡವು. ತಲೆ ಬಾಗಲಿಲ್ಲ. ಆಸರೆ ಕೊಡಲು ಬಂದ ಸೊಸೆಯನ್ನು ನೋವಿನ ಭರದಲ್ಲಿ ಎಲ್ಲರೆದುರು ಗದರಿದೆ. ಅಂದು ಉತ್ತಮ ಕ್ಷಮೆಯ ದಿನ!

ರಕ್ತಪರೀಕ್ಷೆಯಲ್ಲಿ ಟಿ.ಎಸ್.ಎಚ್. ಏರಿತ್ತು. ಹಾರ್ಮೋನಿನ ಕೊರತೆಯಿಂದ ಸ್ನಾಯುಗಳಲ್ಲಿ ನೋವು, ಬಿಗಿತ, ಸೆಳೆತ ಬರಬಹುದೆಂದರು ವೈದ್ಯರು. ಗಂಟೆಗಟ್ಟಲೆ ತಲೆ ತಗ್ಗಿಸಿ ಓದುವ ನನ್ನ ಅಭ್ಯಾಸವೂ ಕತ್ತುನೋವಿಗೆ ಕಾರಣವಿರಬಹುದೆಂದರು.

ಇರುವೆಗೆ ದಾರಿ ಬಿಡುವುದನ್ನೇ ಅಹಿಂಸೆಯೆಂದು ನಂಬಿದ್ದೆ. ಪ್ರಮಾದದಿಂದ ದೇಹವನ್ನು ಕೆಡಿಸಿಕೊಂಡು, ಆ ನೋವನ್ನು ಕಟುನುಡಿಯಾಗಿ ಪರರಿಗೆ ಹಂಚುವುದೂ ಹಿಂಸೆಯೇ ಅಲ್ಲವೆ? ಪರ್ವದಿನಗಳಲ್ಲಿ ಔಷಧಿ ಬಿಡುವ ಶ್ರಾವಕ ಬಂಧುಗಳು ಯೋಚಿಸಬೇಕು. ಈಗ ವೈದ್ಯರನ್ನು ಕೇಳಿಯೇ ವ್ರತದ ಮಿತಿಯನ್ನು ನಿಶ್ಚಯಿಸುತ್ತೇನೆ. ಸೂರ್ಯೋದಯವಾದೊಡನೆ ಮಾತ್ರೆ ಸೇವಿಸುತ್ತೇನೆ.

ಕತ್ತು ಇನ್ನೂ ಪೂರ್ಣ ಬಾಗದು. ಸೊಸೆಯಲ್ಲಿ ಕ್ಷಮೆ ಯಾಚಿಸಲು ಮಾತ್ರ ಅದು ಅಡ್ಡಿಯಾಗಲಿಲ್ಲ.