ಅಡಿಯಿಂದ ಏಳುವ ನೀರು

ಜೂನ್ ತಿಂಗಳು, ಕಾರವಾರ ಬಳಿಯ ತೋಡೂರು. ರಾತ್ರಿಯಿಡೀ ಹೊಡೆದ ಮಳೆ ಈಗಷ್ಟೇ ಹೊಳವಾಗಿದೆ. ಈಜುಕೊಳಕ್ಕೆಂದು ತೋಡಿದ ಹೊಂಡದ ಅಂಚಿನಲ್ಲಿ ನೀವು ನಿಂತಿದ್ದೀರಿ. ಬದಿಗಳನ್ನು ನೇರ ಕಡಿಯದೆ ಇಳಿಜಾರು ಬಿಟ್ಟಿದ್ದಾರೆ, ಒಳ್ಳೆಯದಾಯಿತು. ನಿಧಾನ ಇಳಿಯಿರಿ, ಕಾಲು ಜಾರುತ್ತದೆ.

ಮೇಲೆ ಮೂರ್ನಾಲ್ಕು ಅಡಿ ಚಿರೆಕಲ್ಲು. ಅದರ ತೂತುಗಳಲ್ಲೆಲ್ಲ ನೀರು ಮಿನುಗುತ್ತಿದೆ. ಕೆಳಗೆ ಬಿಳಿಗೆಂಪು ಶೇಡಿ ಮಣ್ಣು, ಮುಟ್ಟಿದರೆ ಬೆರಳಿಗೆ ಬೆಣ್ಣೆಯಂತೆ ಮೆತ್ತಿಕೊಳ್ಳುತ್ತದೆ. ಎರಡೂ ಕೂಡುವ ಗೆರೆ ನೋಡಿ, ನೀರು ಜಿನುಗುವುದು ಅಲ್ಲಿಂದಲೇ. ಚಿರೆಕಲ್ಲು ಮಳೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಶೇಡಿ ತಡೆಯುತ್ತದೆ. ಕೆಳಗಿಳಿಯಲಾಗದ ನೀರು ಅಡ್ಡ ಹರಿದು ಹೊಂಡ ಸೇರಿದೆ.

"ಪಂಪ್ ಹಚ್ಚಿ ಖಾಲಿ ಮಾಡಿ ಕಾಂಕ್ರೀಟ್ ಹಾಕ್ಬಿಡೋಣ ಮೇಸ್ತ್ರಿ?" ಮನೆಯೊಡೆಯರು ಮೇಲಿನಿಂದ ಕೇಳುತ್ತಾರೆ.

"ಹಾಕ್ಬೋದು ಸಾಹೇಬ್ರೆ. ಆಮೇಲೆ ಕೊಳಾನೇ ಎದ್ದು ಬರ್ತದೆ."

ಅದು ಉತ್ಪ್ರೇಕ್ಷೆಯಲ್ಲ. ಹೊರ ಅಳತೆಯಲ್ಲಿ 10 ಮೀಟರ್ ಉದ್ದ, 5 ಮೀಟರ್ ಅಗಲದ ಕೊಳ ಎಂದುಕೊಳ್ಳಿ. ತಳ, ಗೋಡೆ ಎರಡೂ 20 ಸೆಂಟಿಮೀಟರ್ ದಪ್ಪ, ಗೋಡೆಯ ಎತ್ತರ ಒಂದೂವರೆ ಮೀಟರ್. ಕಾಂಕ್ರೀಟಿನ ಭಾರ ಸುಮಾರು 45 ಟನ್. ತಳದಿಂದ ಒಂದೇ ಮೀಟರ್ ಎತ್ತರಕ್ಕೆ ಅಂತರ್ಜಲ ಬಂದರೆ ಅದು ಮೇಲಕ್ಕೆ ಒತ್ತುವ ಬಲ 50 ಟನ್. ಕೊಳ ತುಂಬಿರುವಷ್ಟು ದಿನ ಒಳಗಿನ ನೀರಿನ ಭಾರವೇ ಅದನ್ನು ಹಿಡಿದಿಡುತ್ತದೆ. ತೊಳೆಯಲೆಂದು ಆಷಾಢದಲ್ಲಿ ಬರಿದು ಮಾಡಿದಿರೋ, ತಳ ಬಿರಿಯುತ್ತದೆ, ಇಲ್ಲವೇ ಇಡೀ ಕೊಳ ಮೇಲೇಳುತ್ತದೆ.

ಮೇಸ್ತ್ರಿ ಬದಿಗೆ ಒಂದು ಗೂಟ ಹೊಡೆದು ನೀರಿನ ಮಟ್ಟಕ್ಕೆ ಗುರುತು ಹಾಕುತ್ತಾರೆ. ಬೇಸಿಗೆಯಲ್ಲಿ ಒಣಗಿದ ಹೊಂಡ ನೋಡಿ ನಕ್ಷೆ ಮಾಡುವವರಿಗೆ ಸಿಗದ ಲೆಕ್ಕ ಇದು. ಮಳೆಗಾಲದಲ್ಲಿ ನೀರು ಏರುವ ಅತಿ ಎತ್ತರವೇ ವಿನ್ಯಾಸದ ಮಟ್ಟವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಂಕ್ರೀಟ್ ಹಾಕುವುದು ಮಳೆ ಹಿಂದೆ ಸರಿದ ಮೇಲೆ.

ಆಗ ತಳದಡಿ ದಪ್ಪ ಜಲ್ಲಿ ಹಾಸಬೇಕು. ಜಲ್ಲಿಯೊಳಗೆ ತೂತು ಕೊರೆದ ಪೈಪು, ನೂರು ಅಡಿಗೆ ಒಂದು ಅಡಿಯಷ್ಟು ಇಳಿಜಾರಾಗಿ. ಜಲ್ಲಿಯ ಸುತ್ತ ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ ಬೇಕೇ ಬೇಕು, ಇಲ್ಲದಿದ್ದರೆ ನುಣ್ಣನೆಯ ಶೇಡಿ ಹೊಕ್ಕು ಎಲ್ಲವನ್ನೂ ಕಟ್ಟಿಬಿಡುತ್ತದೆ. ಗೋಡೆಯ ಹೊರಬದಿಗೂ ಇದೇ ಏರ್ಪಾಡು. ಕೊಳದ ಅತಿ ಆಳದಲ್ಲಿ ಒತ್ತಡ ಇಳಿಸುವ ಒಂದು ವಾಲ್ವ್. ಜಾಗ ಇಳಿಜಾರಾಗಿದ್ದರೆ ನೀರು ತಾನೇ ಹರಿದು ಹೋಗಲಿ, ಪಂಪನ್ನು ನಂಬಬೇಡಿ. ಗಾಳಿಮಳೆಗೆ ಕರೆಂಟು ಹೋಗುವುದೂ ನೀರು ಏರುವುದೂ ಒಂದೇ ರಾತ್ರಿಯಲ್ಲಿ. ಮನೆಯ ಮಾಡಿನ ನೀರನ್ನಂತೂ ಈ ಪೈಪಿಗೆ ಸೇರಿಸಲೇಬಾರದು.

ಹಳೆಯ ದೇವಸ್ಥಾನದ ಕೆರೆಗಳಲ್ಲಿ ಗಾರೆಯಿಲ್ಲದೆ ಕಲ್ಲು ಪೇರಿಸಿದ್ದನ್ನು ನೋಡಿರುತ್ತೀರಿ. ಸಂದುಗಳಲ್ಲಿ ನೀರು ಬಂದು ಹೋಗುತ್ತದೆ, ಒತ್ತಡ ನಿಲ್ಲುವುದೇ ಇಲ್ಲ.

ಹೊರಬಿಟ್ಟ ನೀರು ಎಲ್ಲಿಗೆ? ಸೀಬರ್ಡ್ ನೌಕಾನೆಲೆಗಾಗಿ ಮನೆ, ಗದ್ದೆ ಬಿಟ್ಟು ಬಂದವರ ಕಾಲೊನಿ ಇರುವ ಊರು ಇದು. ಇಂಥ ಊರಲ್ಲಿ ಒಬ್ಬರ ಈಜುಕೊಳದ ನೀರು ಪಕ್ಕದವರ ಅಂಗಳಕ್ಕೋ ಬಾವಿಗೋ ನುಗ್ಗುವುದು ಅನ್ಯಾಯ. ಅಗೆಯುವ ಮೊದಲೇ ಹಳ್ಳದವರೆಗಿನ ದಾರಿ ಗೊತ್ತುಮಾಡಿಕೊಳ್ಳಿ, ನೆರೆಯವರನ್ನು ಕೇಳಿ. ಕೊಳ ಕಟ್ಟಿದ ಮೇಲೆ, ಅಂತರ್ಜಲ ನೋಡಲೆಂದು ಪಕ್ಕದಲ್ಲಿ ಹುಗಿದ ಕೊಳವೆಯಲ್ಲಿ ನೀರಿನ ಮಟ್ಟ ತಳಕ್ಕಿಂತ ಕೆಳಗಿಳಿದದ್ದನ್ನು ನೋಡದೆ ಎಂದೂ ಬರಿದು ಮಾಡಬೇಡಿ.