ಮೂರು ರೂಪಾಯಿ ಬಡ್ಡಿ

ಶಾಲೆಯ ಹಣಕಾಸು ಪಾಠಗಳ ಜಾಲತಾಣದ ಮೊದಲ ಪುಟದಲ್ಲಿ ಷೇರು, ಮ್ಯೂಚುಯಲ್ ಫಂಡ್‌ಗಳದೇ ಕಾರುಬಾರು. ಒಂಬತ್ತನೆಯ ತರಗತಿಯ ಹುಡುಗಿ ಹುಡುಕಿದ್ದೇ ಬೇರೆ: ಅಮ್ಮ ತಂದ ಕೈಸಾಲಕ್ಕೆ ‘ಮೂರು ರೂಪಾಯಿ ಬಡ್ಡಿ’ ಎಂದರೆ ಎಷ್ಟು?

ಗಣಿತದ ಮೇಷ್ಟ್ರು ಲೆಕ್ಕ ಬಿಡಿಸಿದರು. ನೂರಕ್ಕೆ ತಿಂಗಳಿಗೆ ಮೂರು, ಅಂದರೆ ವರ್ಷಕ್ಕೆ ಶೇ. 36. ಕಟ್ಟದೆ ಬಿಟ್ಟು ಬಡ್ಡಿಗೂ ಬಡ್ಡಿ ಸೇರಿತೋ, 10,000 ರೂಪಾಯಿ 12 ತಿಂಗಳಲ್ಲಿ 14,258. 72ನ್ನು ಮೂರರಿಂದ ಭಾಗಿಸಿ ನೋಡಿ, 24 ಬರುತ್ತದೆ. ಹೆಚ್ಚುಕಡಿಮೆ ಅಷ್ಟೇ ತಿಂಗಳಲ್ಲಿ ಸಾಲ ಇಮ್ಮಡಿ! ಚಕ್ರಬಡ್ಡಿಯ ಸೂತ್ರ ಬಾಯಿಪಾಠವಾಗಿದ್ದವಳಿಗೂ ಇದು ಅದೇ ಎಂದು ಹೊಳೆದಿರಲಿಲ್ಲ. ತಪ್ಪು ಅವಳದಲ್ಲ.

ಜಾಲತಾಣವನ್ನು ಹೊಸದಾಗಿ ಜೋಡಿಸುವಾಗ ಮೇಷ್ಟ್ರು ಷೇರನ್ನು ಕೆಳಕ್ಕೆ ತಳ್ಳಿ, ‘ಕೈಸಾಲ’, ‘ಚೀಟಿ’, ‘ಅಡವು’ ಎಂದು ಮೇಲೆ ಬರೆಸಿದರು. ಹುಡುಗಿ ಅಮ್ಮನಿಗೆ ಅದನ್ನು ಓದಿ ಹೇಳಿದಳು.

“ಹಂಗಾದ್ರೆ ಓಲೆ ಬ್ಯಾಂಕಲ್ಲಿಟ್ಟು ಇದನ್ನ ಮೊದ್ಲು ತೀರಿಸ್ಬಿಡೋಣ ಕಣೇ,” ಎಂದರು ಅಮ್ಮ.